ಅಪ್ಪನ ರೋಲರ್ ಮಾರಿದ್ದು

ನಮ್ಮೂರಲ್ಲಿ ಎಮ್ಮೆ ಮಾರುವುದು ಸುಲಭ. ಹಗ್ಗ ಬಿಚ್ಚಿ ಮನೆಯಲ್ಲೇ ಉಳಿಸಿಕೊಂಡು ಎಮ್ಮೆಯನ್ನು ಕೊಂಡವನ ಕೈಗೆ ಒಪ್ಪಿಸಿದರೆ ಮುಗಿಯಿತು. ಎರಡು ದಿನ ಅರಚುತ್ತದೆ, ಮೂರನೆಯ ದಿನ ಹೊಸ ಮನೆಯ ಹಿಂಡಿ ತಿಂದು ಸುಮ್ಮನಾಗುತ್ತದೆ. ಯಂತ್ರ ಹಾಗಲ್ಲ. ಅದನ್ನು ಓಡಿಸಿದವನು ಅದರ ಮೈಮೇಲೆ ಕೈಯಿಟ್ಟು, ತನ್ನ ಬಾಯಿಂದಲೇ ಮೂರು ಸಲ 'ಹೋಗು' ಅನ್ನಬೇಕು. ಅನ್ನದಿದ್ದರೆ ಅದು ಹೋಗುವುದಿಲ್ಲ. ಹೊತ್ತುಕೊಂಡು ಹೋದರೂ ವಾಪಸ್ ಬರುತ್ತದೆ. ಬರುವಾಗ ದಾರಿ ಹಿಡಿದು ಬರುವುದಿಲ್ಲ, ಓಡಿಸಿದವನು ಎಲ್ಲಿದ್ದಾನೋ ಅಲ್ಲಿಗೆ ನೆಟ್ಟಗೆ ಬರುತ್ತದೆ. ಗೋಡೆ, ಬೇಲಿ, ಬಿಸಿಲಿಗೆ ಮೈ ಕಾಯಿಸುತ್ತ ಮಲಗಿದ ನಾಯಿ, ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಇದನ್ನು ನಮ್ಮೂರಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಬೆಂಕಿ ಸುಡುತ್ತದೆ ಅಂತ ಹೇಳಿಕೊಡುತ್ತಾರೆಯೇ?

ಎಲ್ಲರೂ ಇದಕ್ಕೆ ಹೊಂದಿಕೊಂಡೇ ಬಾಳುತ್ತೇವೆ. ಪಕ್ಕದ ಮನೆ ಮಾಬವ್ವನ ಗಂಡ ಕಾಂಕ್ರೀಟ್ ಮಿಕ್ಸರಿನವನು. ಅವನು ಬೀಗರ ಊರಿಗೆ ಹೋಗಿ ಎರಡು ದಿನ ತಡಮಾಡಿದರೆ ಮಿಕ್ಸರು ತಾನೇ ಉರುಳಿಕೊಂಡು ಊರ ಅಗಸೆ ಬಾಗಿಲ ತನಕ ಹೋಗಿ ನಿಂತಿರುತ್ತದೆ. ಮಾಬವ್ವ ಅಲ್ಲಿಗೇ ಹೋಗಿ ಅದರ ಮೇಲೆ ಕೌದಿ ಒಣಹಾಕಿ ಬರುತ್ತಾಳೆ. ಆದರೆ ಬುಲ್ಡೋಜರ್ ಈರಪ್ಪನ ಕಥೆ ಬಂದಾಗ ಮಾತ್ರ ಯಾರೂ ನಗುವುದಿಲ್ಲ. 'ಹೋಗು' ಅನ್ನುವ ಮೊದಲೇ ಅವನು ಸತ್ತ. ಮೂರನೆಯ ದಿನ ಹಾಲುತುಪ್ಪ ಬಿಡಲು ಹೋದವರು ನೋಡಿದರೆ ಬುಲ್ಡೋಜರು ಅವನನ್ನು ಹೂತ ಗುಂಡಿಯ ಮೇಲೆ ಹತ್ತಿ ನಿಂತಿತ್ತು. ಈಗಲೂ ಅಲ್ಲೇ ಇದೆ. ಅವನ ಮನೆಯವರು ಅದರ ಮುಂದೆಯೇ ಎಡೆ ಇಟ್ಟು ಬರುತ್ತಾರೆ. ಅವನು ಹೇಗೂ ಸತ್ತಿದ್ದ, ಬದುಕಿರುವವನ ಮೇಲೆ ಹತ್ತಿದರೆ? ಅದನ್ನು ನೆನೆಸಿಕೊಂಡೇ ನಾನು ಒಂದು ವರ್ಷ ನಿದ್ದೆಗೆಟ್ಟೆ.

ನಮ್ಮಪ್ಪ ಓಬಯ್ಯ ಮೂವತ್ತೊಂದು ವರ್ಷ ರೋಡ್ ರೋಲರ್ ಓಡಿಸಿದವನು. ಕೊನೆಗೆ ಸರ್ಕಾರದವರು ಅದನ್ನು ಹರಾಜಿಗೆ ಹಾಕಿದಾಗ ತಾನೇ ಕೊಂಡು ಹಿತ್ತಲ ಹುಣಸೆಮರದ ಕೆಳಗೆ ತಂದು ನಿಲ್ಲಿಸಿದ. ಹತ್ತು ಟನ್ನಿನ ಕಬ್ಬಿಣ. ಹಬ್ಬಕ್ಕೆ ಅದಕ್ಕೊಂದು ಹಾರ, ನನಗೊಂದು ಸೀರೆ, ಎರಡೂ ಒಂದೇ ಅಂಗಡಿಯ ಚೀಲದಲ್ಲಿ ಬರುತ್ತಿದ್ದವು. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ, ನಡುಮನೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಬ್ಲೌಸು ಹೊಲಿಯುತ್ತೇನೆ. ಹೋದ ವರ್ಷ ಉಗಾದಿಯ ಮಾರನೆಯ ದಿನ ಅಪ್ಪನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಮಾತೂ ಹೋಯಿತು, ಒಂದೇ ಒಂದು ಮಾತು ಉಳಿಯಿತು: 'ಬಾ'. ನೀರು ಬೇಕಾದರೂ ಬಾ, ಉಚ್ಚೆ ಪಾತ್ರೆ ಬೇಕಾದರೂ ಬಾ, ಸೊಳ್ಳೆ ಕಚ್ಚಿದರೂ ಬಾ. ನಾನು ಕತ್ತರಿ ಕೆಳಗಿಟ್ಟು ಓಡುತ್ತಿದ್ದೆ.

ರೋಲರು ಸರಿಯುತ್ತಿದೆ ಅಂತ ಮೊದಲು ಗೊತ್ತಾಗಿದ್ದು ಬಟ್ಟೆ ಒಣಹಾಕುವಾಗ. ಹಗ್ಗಕ್ಕೂ ಅದರ ಮುಂದಿನ ಗಾಲಿಗೂ ನಡುವೆ ಓಡಾಡುವಷ್ಟು ಜಾಗವಿತ್ತು, ಆವತ್ತು ಸೊಂಟ ತಗುಲಿತು. ಹೊಲಿಗೆಯ ಟೇಪು ತಂದು ಅಪ್ಪನ ಕಿಟಕಿಯಿಂದ ಗಾಲಿಯ ತನಕ ಅಳೆದೆ. ಹದಿನೆಂಟು ಅಡಿ. ಮಾರನೆಯ ದಿನ ಎರಡು ಬೆರಳು ಕಡಿಮೆ, ಅದರ ಮಾರನೆಯ ದಿನ ಮತ್ತೆರಡು. ಅಪ್ಪನ ಮಂಚವನ್ನು ಎಳೆದು ಅಡುಗೆಮನೆಯ ಪಕ್ಕದ ಕೋಣೆಗೆ ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ರೋಲರು ಮೂತಿಯನ್ನು ಆ ಕಡೆಗೆ ತಿರುಗಿಸಿತ್ತು! ಬೆಳಿಗ್ಗೆ ಎದ್ದರೆ ಮುಖ ತೊಳೆಯುವ ಮೊದಲು ಟೇಪು ಹಿಡಿಯುವುದು ನನ್ನ ಪಾಡಾಯಿತು. ಮಾಬವ್ವ ಗೋಡೆಯಾಚೆಯಿಂದ "ಇವತ್ತೆಷ್ಟು ಬಂತು ಹನುಮಕ್ಕಾ?" ಅಂತ, ಮನೆಗೆ ಹಾಲೆಷ್ಟು ಬಂತು ಅಂದಹಾಗೆ ಕೇಳುತ್ತಿದ್ದಳು. ಆರಡಿ ಉಳಿದಾಗ ನಾನು ದಲ್ಲಾಳಿ ಕೊಟ್ರೇಶಣ್ಣನಿಗೆ ಫೋನ್ ಮಾಡಿದೆ.

ಕೊಟ್ರೇಶಣ್ಣ ಮೊದಲು ದನದ ದಲ್ಲಾಳಿ. ಸಂತೆಯಲ್ಲಿ ಎತ್ತು ಕಡಿಮೆಯಾಗಿ ಯಂತ್ರ ಹೆಚ್ಚಾದ ಮೇಲೆ ಅವನೂ ಯಂತ್ರಕ್ಕೆ ಇಳಿದ, ಪದ್ಧತಿ ಮಾತ್ರ ಬಿಡಲಿಲ್ಲ. ಈಗಲೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದೇ ಅವನ ವ್ಯಾಪಾರ. ರೋಲರಿನ ಸುತ್ತ ಮೂರು ಸುತ್ತು ಬಂದ, ಬೆನ್ನು ಸವರಿದ, ಎಲ್ಲಾದರೂ ಕೆಟ್ಟ ಸುಳಿ ಇದೆಯೇನೋ ಅನ್ನುವಂತೆ ಬಗ್ಗಿ ನೋಡಿದ. "ವಯಸ್ಸಾಗೈತೆ, ಆದ್ರೆ ಕಾಲು ಗಟ್ಟಿ ಅದಾವೆ ತಂಗಿ," ಅಂದ. "ಹೊಳೆಯಾಚೆ ಒಬ್ಬ ಕಂಟ್ರಾಕ್ಟರ್ ಅದಾನೆ. ಒಳ್ಳೆ ಮನುಷ್ಯ. ಹೊಟ್ಟೆತುಂಬ ಡೀಸೆಲ್ ಹಾಕ್ತಾನೆ."

"ಅದೆಲ್ಲ ಸರಿ ಕೊಟ್ರೇಶಣ್ಣ. ಹೋಗು ಅನ್ನೋರು ಯಾರು? ಅಪ್ಪಂಗೆ ಬಾಯಿ ಬಿದ್ದೈತಲ್ಲ."

ಅವನು ಗಡ್ಡ ಕೆರೆದುಕೊಂಡ. ನನ್ನ ದನಿ ಅಪ್ಪನ ದನಿಯಂತೆಯೇ ದಪ್ಪ. ಫೋನಿನಲ್ಲಿ ನನ್ನನ್ನು ಎಲ್ಲರೂ "ಓಬಣ್ಣಾ" ಅಂತಲೇ ಮಾತಾಡಿಸುತ್ತಿದ್ದರು. ಚಿಕ್ಕಂದಿನಲ್ಲಿ ಅದಕ್ಕೆ ಅತ್ತಿದ್ದೇನೆ. ಕೊಟ್ರೇಶಣ್ಣನಿಗೂ ಅದೇ ನೆನಪಾಯಿತು. "ಅವನ ಕೈ ಗಾಲಿ ಮ್ಯಾಲೆ ಇಡಾನ, ನಿನ್ನ ಕೈ ಅವನ ಕೈ ಮ್ಯಾಲೆ ಇಡು. ಇಬ್ಬರ ತಲಿ ಮ್ಯಾಲೂ ನನ್ನ ಟವೆಲ್ ಹೊಚ್ತೀನಿ. ಯಾರ ಬಾಯಿ ಅಂತ ಅದಕ್ಕೇನು ಕಾಣ್ತೈತೆ? ದನಿ ಕೇಳಿದ್ರೆ ಆತು," ಅಂದ. ನನಗೂ ಹೌದೆನ್ನಿಸಿತು. ಹೌದೆನ್ನಿಸಿತು ಅನ್ನುವುದು ಸುಳ್ಳು. ಹೆದರಿಕೆಗೆ ಎಲ್ಲವೂ ಹೌದೆನ್ನಿಸುತ್ತದೆ.

ಅಪ್ಪನನ್ನು ಕುರ್ಚಿಯಲ್ಲಿ ಹೊತ್ತು ತಂದೆವು. ಒಂದು ವರ್ಷದ ಮೇಲೆ ರೋಲರನ್ನು ಹತ್ತಿರದಿಂದ ನೋಡಿದ ಅವನ ಎಡಗಣ್ಣಲ್ಲಿ ನೀರು ಬಂತು. ಅವನ ಬಲಗೈಯನ್ನು ಗಾಲಿಯ ಮೇಲಿಟ್ಟು ಅದರ ಮೇಲೆ ನನ್ನ ಕೈಯಿಟ್ಟೆ, ನಮ್ಮ ತಲೆಗಳ ಮೇಲೆ ಟವೆಲ್ ಬಿತ್ತು. ಒಳಗೆ ಬೀಡಿ ವಾಸನೆ, ನಮ್ಮಿಬ್ಬರ ಬಿಸಿ ಉಸಿರು. ನಾನು ದನಿ ಇನ್ನಷ್ಟು ದಪ್ಪ ಮಾಡಿ "ಹೋಗು" ಅಂದೆ. ಅಪ್ಪ ತಿರುಗಿ ನನ್ನ ಮುಖ ನೋಡಿದ. "ಹೋಗು" ಅಂದೆ. ಅವನ ಎಡಗೈ ನನ್ನ ಮಣಿಕಟ್ಟು ಹಿಡಿಯಿತು. "ಬಾ," ಅಂದ. ಬಾಯಾರಿದೆಯೇನೋ ಅಂದುಕೊಂಡು, "ಇರಪ್ಪಾ, ಆಯ್ತು, ಕೊಡ್ತೀನಿ," ಅಂತ ಪಿಸುಗುಟ್ಟಿ ಮೂರನೆಯ ಸಲದ್ದನ್ನೂ ಅಂದು ಮುಗಿಸಿದೆ. ಕೊಟ್ರೇಶಣ್ಣ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. ದೊಡ್ಡ ಲಾರಿ ಬಂದು ರೋಲರನ್ನು ಹೇರಿಕೊಂಡು ಹೋಯಿತು. ಅದು ಒಂದು ಸಲವೂ ಕಿರುಗುಟ್ಟದೆ ಹೋದದ್ದು ನೋಡಿ ನಾನು ಎಲ್ಲರಿಗೂ ಬೆಲ್ಲ ಹಂಚಿದೆ.

ಎಂಟನೆಯ ದಿನ ಊಟದ ಹೊತ್ತಿಗೆ ಫೋನ್ ಬಂತು. ಅತ್ತಲಿಂದ ಕೊಟ್ರೇಶಣ್ಣ. "ತಂಗಿ, ಎದಿ ಗಟ್ಟಿ ಮಾಡ್ಕೊ. ಮುಂಜಾನೆ ಎದ್ದು ನೋಡಿದ್ರೆ ಅದು ಇಲ್ಲ. ಕಬ್ಬಿನ ಗದ್ದ್ಯಾಗ ಹಾದುಹೋಗೈತೆ, ಚಾಪೆ ಹಾಸಿದಂಗೆ ಹಾದಿ ಬಿದ್ದೈತೆ. ಮೂತಿ ನಿಮ್ಮೂರ ಕಡೆಗೇ ಐತೆ."

ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಓಡಿಬರುವ ಹುಲಿಯಾದರೂ ಒಂದು ಗಳಿಗೆಯಲ್ಲಿ ಬಂದು ಮುಗಿಸುತ್ತದೆ. ಇದು ತುಂಬಿದ ಕೊಡ ಹೊತ್ತ ಹೆಂಗಸಿನ ನಡಿಗೆಯಲ್ಲಿ ಬರುತ್ತಿತ್ತು, ಬಂದಷ್ಟು ಬಂದು ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಕೊಟ್ರೇಶಣ್ಣ ಮೋಟರ್ ಬೈಕಿನಲ್ಲಿ ಅದರ ಹಿಂದೆಯೇ ಬರುತ್ತ ಹೊತ್ತಿಗೊಂದು ಸಲ ಫೋನ್ ಮಾಡುತ್ತಿದ್ದ. ಗುಡ್ಡ ಇಳಿಯಿತು. ಜಾಲಿ ಕಾಡು ದಾಟಿತು. ಹೊಳೆಯಲ್ಲಿ ಮುಳುಗಿ ಹೋಗಲಪ್ಪಾ ಅಂತ ನಾನು ದೇವರಿಗೆ ಕಾಯಿಯ ಹರಕೆ ಹೊತ್ತೆ. ಮಾರನೆಯ ದಿನ ಮಧ್ಯಾಹ್ನ ಫೋನ್ ಬಂತು: "ಹೊಳಿ ತಳದಾಗ ನಡ್ಕಂಡು ಈ ದಂಡೀಗೆ ಎದ್ದೈತೆ. ಮೈತುಂಬ ಪಾಚಿ."

ಊರಿನವರು ಅಗಸೆಯಿಂದ ನಮ್ಮ ಮನೆಯ ತನಕ ಹುರಿ ಹಿಡಿದು ಅದು ಬರುವ ಹಾದಿಗೆ ಗೆರೆ ಹಾಕಿದರು. ಗೆರೆಯ ಮೇಲೆ ಏಳು ಮನೆ ಬಂದವು. ಒಬ್ಬರೂ ನನ್ನನ್ನು ಬೈಯಲಿಲ್ಲ, ಅದೇ ನನ್ನನ್ನು ಕೊಂದಿತು. ಮಾಬವ್ವ ಅಡುಗೆಮನೆಯ ಡಬ್ಬಿಗಳನ್ನು ಇಳಿಸಿ, ಗಂಡನ ಕೈಯಲ್ಲಿ ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿಸಿ ಜೋಡಿಸಿಟ್ಟಳು, ಮತ್ತೆ ಕಟ್ಟಲಿಕ್ಕೆ ಬೇಕಲ್ಲ ಅಂತ. ನಾನು ತಡೆಯಲಾರದೆ ಅಪ್ಪನನ್ನು ಗಾಡಿಯಲ್ಲಿ ಹಾಕಿಕೊಂಡು ಕೆಳಗೇರಿಯ ಚಿಕ್ಕಮ್ಮನ ಮನೆಗೆ ಒಯ್ದೆ. ರೋಲರು ಅಲ್ಲಿಗೆ ಮೂತಿ ತಿರುಗಿಸಿತಂತೆ. ಸಂಜೆಯೊಳಗೆ ಕೆಳಗೇರಿಯ ಹಿರಿಯರು ನಾಲ್ವರು ಬಂದು, ನೀರು ಕೂಡ ಕುಡಿಯದೆ, ಮೆತ್ತಗೆ ಹೇಳಿದರು: "ಹನುಮಕ್ಕಾ, ನಿಮ್ಮ ಮೇಲಗೇರಿಯೋರು ಮನಿ ಖಾಲಿ ಮಾಡಿ ಕುಂತಾರೆ. ಈಗ ಗೆರೆ ಬದಲಿಸಿದ್ರೆ ನಮ್ಮ ಕಡೆ ಬಾಣಂತಿ ಅದಾಳೆ, ನಡೆಯಾಕಾಗದ ಮುದುಕರು ಅದಾರೆ. ಏನ್ ಮಾಡಾಣ, ನೀನೇ ಹೇಳವ್ವ." ಅಪ್ಪನನ್ನು ತಿರುಗಿ ಗಾಡಿಗೆ ಹಾಕಿದೆ.

ಮನೆಗೆ ಬಂದ ಮೇಲೆ ಅಪ್ಪ "ಬಾ" ಅಂದ. ನೀರು ಕುಡಿಸಿದೆ. ಅಷ್ಟರಲ್ಲಿ ಫೋನ್: "ತಂಗಿ, ಇಷ್ಟೊತ್ತು ನಿಂತಿದ್ದು ಈಗ ದಡಕ್ಕನೆ ಹೊರಟ್ತು ನೋಡು." ಅಪ್ಪ ಇನ್ನೊಮ್ಮೆ "ಬಾ" ಅಂದ, ದಿಂಬು ಸರಿಮಾಡಲಿಕ್ಕೆ. ಫೋನಿನಲ್ಲಿ ಕೊಟ್ರೇಶಣ್ಣ, "ಅಯ್ಯಯ್ಯೋ, ಜೋರು ಮಾಡ್ತು!" ಅಂತ ಕೂಗಿದ. ಒಂದು ವರ್ಷ! ಒಂದು ವರ್ಷ ದಿನಕ್ಕೆ ಐವತ್ತು ಸಲ ಅವನು ಬಾ ಅಂದಿದ್ದಾನೆ, ನಾನು ಟೇಪು ಹಿಡಿದು ಬೆರಳು ಎಣಿಸಿದ್ದೇನೆ. ಟವೆಲ್ಲಿನ ಒಳಗೂ ಬಾ ಅಂದ. ನನ್ನ ಮೂರು ಹೋಗು ಯಾವ ಕಿವಿಗೆ ಬಿದ್ದಾವು? ಇಂಥ ದಡ್ಡಿ ಊರಲ್ಲಿ ಇನ್ನೊಬ್ಬಳಿಲ್ಲ.

ಅಪ್ಪನ ಪಕ್ಕ ಕೂತು ಕೈ ಹಿಡಿದುಕೊಂಡೆ. "ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಬಾ ಅನ್ನಬ್ಯಾಡ. ಏನ್ ಬೇಕಾದ್ರೂ ಅನ್ನಬ್ಯಾಡ. ನೀ ಅಂದಂಗೆಲ್ಲ ಅದು ಬರ್ತೈತೆ. ಹೋಗು ಅನ್ನಾಕೆ ಆಗ್ತೈತಾ ನೋಡು. ಹೋ... ಹೋ..." ಅವನು ತುಟಿ ಮುಂದೆ ಮಾಡಿದ. ಕುತ್ತಿಗೆಯ ನರ ಉಬ್ಬಿದವು. ಬಂದದ್ದು ಬರೀ ಗಾಳಿ. ಆಮೇಲೆ ನನ್ನನ್ನೇ ನೋಡುತ್ತ ಬಾಯಿ ಮುಚ್ಚಿದ. ಹಾಗೆ ಮುಚ್ಚಿದವನು ಎರಡು ದಿನ ತೆರೆಯಲಿಲ್ಲ. ನಾನು ತುಟಿಗೆ ಲೋಟ ಇಟ್ಟರೆ ಕುಡಿಯುತ್ತಿದ್ದ, ಇಡದಿದ್ದರೆ ಇಲ್ಲ. ಒಂದು ಸಲ ನಾನು ಒಲೆಯ ಮುಂದಿದ್ದಾಗ ಹಾಸಿಗೆಯೆಲ್ಲ ಒದ್ದೆಯಾಗಿತ್ತು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದ. ಊರಿಗೆ ರಸ್ತೆ ಹಾಸಿದ ಗಂಡಸು. ನಾನು ಬಟ್ಟೆ ಬದಲಿಸುತ್ತ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಆದರೆ ರೋಲರು ನಿಂತಿತು. ಕೆರೆ ಏರಿಯ ಕೆಳಗೆ, ಅಗಸೆಯಿಂದ ಕೂಗಳತೆಯಲ್ಲಿ, ನಿಂತದ್ದು ನಿಂತೇ ಇತ್ತು. ಕೊಟ್ರೇಶಣ್ಣ ನಮ್ಮ ಕಟ್ಟೆಯ ಮೇಲೆ ಬಂದು ಕುಕ್ಕರಿಸಿದ. "ನನ್ನ ಕೈದಾಟಿದ ದನ ಒಂದೂ ತಿರುಗಿ ಬಂದಿಲ್ಲ ತಂಗಿ, ಈ ಮುಪ್ಪಿನಾಗೆ ಹೆಸರು ಕೆಡ್ತು," ಅಂತ ಅವನ ಗೋಳು. ಮಾಬವ್ವ ಡಬ್ಬಿಗಳನ್ನು ಮತ್ತೆ ಗೂಡಿಗೆ ಏರಿಸಿದಳು. ಹಾಸಿಗೆ ಒದ್ದೆಯಾದಂದಿನಿಂದ ನಾನು ಮಾತ್ರ ಮಂಚ ಬಿಟ್ಟು ಕದಲಲಿಲ್ಲ. ಅವನು ಕರೆಯುವ ಪ್ರಸಂಗವೇ ಬರಬಾರದು, ಬೇಕಾದ್ದನ್ನೆಲ್ಲ ನಾನೇ ಮೊದಲು ತಿಳಿಯಬೇಕು ಅಂತ ಅವನ ರೆಪ್ಪೆಯನ್ನೇ ನೋಡುತ್ತ ಕೂತೆ. ಎರಡು ದಿನ ಕಣ್ಣು ಮುಚ್ಚಲಿಲ್ಲ, ಅನ್ನ ಮುಟ್ಟಲಿಲ್ಲ.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಬಿಸಿನೀರು ತರಲು ಎದ್ದೆ. ಹೊಸ್ತಿಲು ದಾಟುವಾಗ ಕಣ್ಣು ಕತ್ತಲಿಟ್ಟಿತು. ಬಿದ್ದದ್ದು ಗೊತ್ತು, ಬಾಗಿಲ ಚೌಕಟ್ಟು ತಲೆಗೆ ಬಡಿದದ್ದು ಗೊತ್ತು, ಆಮೇಲಿನದು ಗೊತ್ತಿಲ್ಲ. ಮಾಬವ್ವ ಹೇಳಿದ್ದು: ಅಪ್ಪನಿಗೆ ಮಂಚದಿಂದ ನನ್ನ ಪಾದ ಮಾತ್ರ ಕಾಣುತ್ತಿತ್ತಂತೆ, ಮತ್ತೆ ನೆಲದ ಮೇಲೆ ಹರಿಯುತ್ತಿದ್ದ ರಕ್ತ. ಅವನು ಬಾಯಿ ತೆರೆದ. "ಬಾ! ಬಾ! ಬಾ!" ಅಂತ ಓಣಿಯೆಲ್ಲ ಕೇಳುವಂತೆ ಕೂಗಿದ. ಮಾಬವ್ವ ಓಡಿಬಂದಳು, ಕೊಟ್ರೇಶಣ್ಣ ಓಡಿಬಂದ. ಕೆರೆ ಏರಿಯ ಕೆಳಗಿನದೂ ಹೊರಟಿತು.

ನನಗೆ ಎಚ್ಚರವಾದದ್ದು ನೆಲದ ನಡುಕಕ್ಕೆ. ಗೂಡಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಮಾಬವ್ವನ ಅಡುಗೆಮನೆಯ ಕಡೆ ಏನೋ ಕುಸಿದ ಸದ್ದು. "ಏಳವ್ವಾ, ಮಂಚ ಎತ್ತಾನ, ಏಳು!" ಅಂತ ಕೊಟ್ರೇಶಣ್ಣ ಒಂದು ಕಡೆ ಹಿಡಿದ, ಮಾಬವ್ವ ಇನ್ನೊಂದು ಕಡೆ. ಮಂಚದ ಕಾಲು ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ. ಹಿತ್ತಲ ಗೋಡೆ ಒಳಮುಖವಾಗಿ ಉಬ್ಬಿತು, ಸುಣ್ಣ ಉದುರಿತು, ಬಿದ್ದೇಬಿಟ್ಟಿತು. ಧೂಳಿನ ನಡುವೆ ಪಾಚಿ ಮೆತ್ತಿದ ಗಾಲಿ, ಅದರ ಮೇಲೆ ಒಣಗಿದ ಕಬ್ಬಿನ ಸೋಗೆ. ಕೊಟ್ರೇಶಣ್ಣ ಮಾಬವ್ವನನ್ನು ಎಳೆದುಕೊಂಡು ಹೊರಗೆ ಓಡಿದ. ನಾನು ಅವನನ್ನು ದೂರುವುದಿಲ್ಲ. ನನ್ನ ಕಾಲುಗಳೂ ಓಡಲಿಕ್ಕೇ ನೋಡಿದವು.

ಆದರೆ ಅಪ್ಪ ಅಲ್ಲಿದ್ದನಲ್ಲ. ಗಾಲಿಗೂ ಮಂಚಕ್ಕೂ ನಡುವೆ ಹೋಗಿ ನಿಂತೆ, ಬೆನ್ನು ಗಾಲಿಗೆ ಒತ್ತಿ, ಎರಡು ಕೈಯಲ್ಲೂ ಮಂಚ ಹಿಡಿದು. ಇರುವೆ ಗಾಡಿ ತಡೆದಂತೆ. ತಣ್ಣಗಿನ ಕಬ್ಬಿಣ ಬೆನ್ನಿಗೆ ತಗುಲಿ ಮೆಲ್ಲಗೆ ತಳ್ಳಲಿಕ್ಕೆ ಶುರುಮಾಡಿತು. ಸಿಟ್ಟಿನಿಂದಲ್ಲ, ದನ ಒಡೆಯನ ಮೈಗೆ ಮೂತಿ ಉಜ್ಜುತ್ತದಲ್ಲ, ಹಾಗೆ. ನನ್ನ ಹಿಮ್ಮಡಿ ಜಾರಿತು. ಮಂಚದ ಅಂಚು ಹೊಟ್ಟೆಗೆ ಒತ್ತಿತು. ಉಸಿರು ನಿಂತಿತು. ಅಪ್ಪನ ಮುಖ ನನ್ನ ಮುಖದ ಹತ್ತಿರವೇ ಇತ್ತು. ಅಷ್ಟು ಹೆದರಿದ ಮುಖವನ್ನು ನಾನು ಮತ್ತೆಂದೂ ನೋಡಿಲ್ಲ. ಅವನು ಎಡಗೈ ಎತ್ತಿ ನನ್ನ ಎದೆಯ ಮೇಲಿಟ್ಟು ಪಕ್ಕಕ್ಕೆ ದೂಡಿದ. ಕುತ್ತಿಗೆಯ ನರ ಉಬ್ಬಿದವು.

"ಹೋಗು," ಅಂದ.

ವರ್ಷದ ಮೇಲೆ ಅವನ ಬಾಯಿಂದ ಬಂದ ಎರಡನೆಯ ಮಾತು. ನಾನು ಕದಲಲಿಲ್ಲ. "ಹೋಗು," ಅಂದ, ಅಳುತ್ತ. ಮತ್ತೆ ಇದ್ದ ಶಕ್ತಿಯೆಲ್ಲ ಹಾಕಿ ದೂಡುತ್ತ, "ಹೋಗೂ!" ಅಂದ.

ಬೆನ್ನ ಮೇಲಿನ ಒತ್ತಡ ಸಡಿಲವಾಯಿತು. ರೋಲರು ನಿಂತಿತು. ಆಮೇಲೆ ಬಂದ ಹಾದಿಯಲ್ಲೇ ಹಿಂದಕ್ಕೆ ಸರಿಯಿತು, ಬಿದ್ದ ಗೋಡೆಯ ಮೇಲೆ, ಮಾಬವ್ವನ ಅಡುಗೆಮನೆಯ ಮೇಲೆ, ಅಗಸೆಯ ಕಡೆಗೆ. ಹೊಳೆ ದಾಟಿ ಕಂಟ್ರಾಕ್ಟರನ ಅಂಗಳ ಸೇರಿತಂತೆ, ಈಗ ಸಾಧುವಾಗಿ ದುಡಿಯುತ್ತಿದೆಯಂತೆ. ಕೊಟ್ರೇಶಣ್ಣ ಬೆಲ್ಲ ತಂದುಕೊಟ್ಟು ಹೋದ. "ನಿನ್ನ ಬೆನ್ನು ಗಾಲಿಗೆ ತಾಗಿತ್ತಲ್ಲ ತಂಗಿ, ಮಾತು ನಿನ್ನ ಮೈಯಾಗೆ ಹಾದು ಅದನ್ನ ಮುಟ್ಟೈತೆ," ಅಂದ. ಇರಬಹುದು. ದಲ್ಲಾಳಿಗೆ ಎಲ್ಲವೂ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದೇ. ಆದರೆ ಅಪ್ಪನ ಕೈ ಇದ್ದದ್ದು ಗಾಲಿಯ ಮೇಲಲ್ಲ, ನನ್ನ ಮೈಮೇಲೆ.

ಗೋಡೆ ಕಟ್ಟಿಸಿದ್ದೇವೆ, ಮಾಬವ್ವನದೂ ನಮ್ಮದೂ. ಅಪ್ಪ ಚೆನ್ನಾಗಿದ್ದಾನೆ. ಆವತ್ತು ಹೊಸ ಮಾತು ಬಂದದ್ದೇ ಹಳೆಯದು ಹೋಯಿತು. ಈಗ ಅವನಿಗೆ ಇರುವುದು 'ಹೋಗು' ಒಂದೇ. ನೀರು ಬೇಕಾದರೂ ಹೋಗು, ದಿಂಬು ಜಾರಿದರೂ ಹೋಗು. "ಹೋಗು ಅಂದ್ರೆ ಓಡಿಬರೋ ಮಗಳು ನಮ್ಮ ಹನುಮಕ್ಕ ಒಬ್ಬಳೇ," ಅಂತ ಓಣಿಯವರು ನಗುತ್ತಾರೆ. ನಾನೂ ನಗುತ್ತೇನೆ. ಅವನ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತೇನೆ. ಬೆಳಿಗ್ಗೆ ಎದ್ದಾಗ ಚಾಪೆ ಬಾಗಿಲ ಕಡೆಗೆ ಎರಡು ಬೆರಳು ಸರಿದಿರುತ್ತದೆ. ಮೊದಲು ನಿದ್ದೆಯಲ್ಲಿ ಹೊರಳಿರಬೇಕು ಅಂದುಕೊಂಡೆ. ಈಗ ತಿರುಗಿ ಎಳೆದು ಹಾಕಿದರೂ ನಿಲ್ಲುವುದಿಲ್ಲ. ಟೇಪು ಹಿಡಿದು ಅಳೆಯುತ್ತೇನೆ. ಇವತ್ತಿಗೆ ಹೊಸ್ತಿಲಿಗೆ ಒಂಬತ್ತಡಿ ಉಳಿದಿದೆ. ನಾನು ಹೋದರೆ ಅವನ ತುಟಿಗೆ ಲೋಟ ಇಡುವವರು ಯಾರು? ಮಾಬವ್ವನಿಗೂ ಹೇಳಿಲ್ಲ. ಅಪ್ಪನಿಗಂತೂ ಹೇಳುವುದಿಲ್ಲ. ಹೇಳಿದರೆ ಅವನು ಮತ್ತೆ ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗುತ್ತಾನೆ. ಆ ಎರಡು ದಿನ ನೋಡಿದ್ದು ಸಾಕು.

ಒಳಗಿಂದ ಕರೆಯುತ್ತಿದ್ದಾನೆ, ನೀರಿಗಿರಬೇಕು. ಒಂದು ಸಲ ಅಂದ. ಎರಡನೆಯ ಸಲವೂ ಅಂದ. ಮೂರನೆಯದು ಬರುವಷ್ಟರಲ್ಲಿ ಲೋಟ ಅವನ ತುಟಿಗೆ ಮುಟ್ಟಿಸಬೇಕು.